ಪೈಲಟ್‌ಗಳನ್ನು ಫರ್ಲೋ ಮೇಲೆ ಕಳಿಸಿದರೆ ನಿಜಕ್ಕೂ ಎಷ್ಟು ಉಳಿಯುತ್ತದೆ?

ಪ್ರಶ್ನೆ: ನಾನು ಒಂದು ವಿಮಾನ ಕಂಪನಿಯ ಹಣಕಾಸು ವಿಭಾಗದಲ್ಲಿದ್ದೇನೆ, ಈ ಉದ್ಯಮಕ್ಕೆ ಹೊಸಬಳು. ಪ್ರಯಾಣಿಕರು ಕಡಿಮೆಯಾದರೆ 100 ಪೈಲಟ್‌ಗಳನ್ನು ಫರ್ಲೋ ಮೇಲೆ, ಅಂದರೆ ಸಂಬಳವಿಲ್ಲದೆ ಮನೆಗೆ ಕಳಿಸಿ ಆಮೇಲೆ ವಾಪಸ್ ಕರೆಯುವ ಷರತ್ತಿನ ಮೇಲೆ, ಕಳಿಸಿದರೆ ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಕೇಳಿದ್ದರು. ಸಂಬಳ, ಭತ್ಯೆ, ವಿಮೆ ಎಲ್ಲ ಕೂಡಿಸಿ ತಿಂಗಳಿಗೆ ಇಷ್ಟು ಅಂತ ಬರೆದು ಕೊಟ್ಟೆ. ಟ್ರೈನಿಂಗ್ ವಿಭಾಗದ ಮುಖ್ಯಸ್ಥರು ನೋಡಿ, 'ಇದರಲ್ಲಿ ಅರ್ಧ ಖರ್ಚು ಬಂದೇ ಇಲ್ಲ' ಅಂದರು. ಸಂಬಳವೇ ನಿಂತ ಮೇಲೆ ಖರ್ಚು ಎಲ್ಲಿಂದ ಬರುತ್ತೆ? ವಾಪಸ್ ಕರೆದಾಗ ಒಂದಿಷ್ಟು ತರಬೇತಿ ಕೊಡಬೇಕಾಗಬಹುದು, ಅಷ್ಟೇ ಅಲ್ವಾ?

ಉತ್ತರ: ನಿಮ್ಮ ಕೂಡು-ಕಳೆ ಸರಿಯಾಗಿಯೇ ಇರಬೇಕು. ತಪ್ಪಿರುವುದು ಅದರ ಹಿಂದಿನ ಒಂದು ನಂಬಿಕೆಯಲ್ಲಿ. ಯಾರ ಕೆಲಸ ನಿಂತಿತೋ ಅವರೇ ಮನೆಗೆ ಹೋಗುತ್ತಾರೆ ಅಂತ ನೀವು ಅಂದುಕೊಂಡಿದ್ದೀರಿ. ಪೈಲಟ್‌ಗಳ ವಿಷಯದಲ್ಲಿ ಹಾಗೆ ಆಗುವುದು ಕಡಿಮೆ. ಹಾರಾಟ ನಿಲ್ಲುವುದು ಒಂದು ಕಡೆ, ಮನೆಗೆ ಹೋಗುವವರು ಇನ್ನೊಂದು ಕಡೆ. ನಡುವೆ ಇರುವವರೆಲ್ಲ ಜಾಗ ಬದಲಿಸಬೇಕು. ಆ ಬದಲಾವಣೆಯಲ್ಲೇ ಖರ್ಚು ಇದೆ. ನಾನು ಬಹಳ ವರ್ಷ ಪೈಲಟ್‌ಗಳ ಟ್ರೈನಿಂಗ್ ಪ್ಲಾನಿಂಗ್ ಮಾಡಿದವನು. ಹಣಕಾಸು ವಿಭಾಗದವರು ಈ ಪ್ರಶ್ನೆಯನ್ನು ನಿರ್ಧಾರ ಆಗುವ ಮೊದಲೇ ಕೇಳಿದರೆ ಎಷ್ಟೋ ಮನೆಗಳ ಸಂಕಟ ತಪ್ಪುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಎರಡು ಕಟ್ಟುಪಾಡುಗಳು. ಒಂದು, ಸೀನಿಯಾರಿಟಿ ಲಿಸ್ಟ್. ದೊಡ್ಡ ಕಂಪನಿಗಳಲ್ಲಿ, ಅದರಲ್ಲೂ ಅಮೆರಿಕದಲ್ಲಿ, ಕೆಲಸಕ್ಕೆ ಸೇರಿದ ದಿನದ ಮೇಲೆ ಪ್ರತಿ ಪೈಲಟ್‌ಗೂ ಒಂದು ನಂಬರ್ ಇರುತ್ತದೆ. ಯಾವ ವಿಮಾನ, ಯಾವ ಸೀಟು, ಯಾವ ಊರಿನ ಬೇಸ್, ಯಾವಾಗ ರಜೆ ಎಲ್ಲವೂ ಆ ನಂಬರಿನ ಮೇಲೆ ನಿಂತಿದೆ. ಫರ್ಲೋ ಲಿಸ್ಟಿನ ಕೆಳಗಿನಿಂದ ಶುರುವಾಗುತ್ತದೆ. ಹೋದವರಲ್ಲಿ ಹಿರಿಯರನ್ನು ಮೊದಲು ವಾಪಸ್ ಕರೆಯುತ್ತಾರೆ. ಎರಡನೆಯದು, ಟೈಪ್ ರೇಟಿಂಗ್. ಬೋಯಿಂಗ್ 777 ಹಾರಿಸುವವರು ನಾಳೆ ಬೆಳಿಗ್ಗೆ ಏರ್‌ಬಸ್ 320ರಲ್ಲಿ ಕೂರುವ ಹಾಗಿಲ್ಲ. ಆ ವಿಮಾನಕ್ಕೇ ಬೇರೆ ಕೋರ್ಸ್ ಮುಗಿಸಿ ಪರೀಕ್ಷೆ ಪಾಸಾಗಬೇಕು. ಕಾಕ್‌ಪಿಟ್ ಹೆಚ್ಚುಕಡಿಮೆ ಒಂದೇ ಥರ ಇರುವ ಕೆಲವು ಜೋಡಿಗಳನ್ನು ಬಿಟ್ಟರೆ, ದೊಡ್ಡ ಕಂಪನಿಯ ಪೈಲಟ್ ಒಂದು ಹೊತ್ತಿಗೆ ಒಂದೇ ಬಗೆಯ ವಿಮಾನ ಹಾರಿಸುತ್ತಾರೆ.

ಈಗ ಇವೆರಡನ್ನೂ ಸೇರಿಸಿ ನೋಡಿ. ಹಿಂಜರಿತದಲ್ಲಿ ಮೊದಲು ನಿಲ್ಲುವುದು ಸಾಮಾನ್ಯವಾಗಿ ದೂರ ಹೋಗುವ ದೊಡ್ಡ ವಿಮಾನಗಳು. ಅದರ ಕ್ಯಾಪ್ಟನ್‌ಗಳು ಲಿಸ್ಟಿನ ಮೇಲ್ಭಾಗದವರು, ಅವರನ್ನು ಮನೆಗೆ ಕಳಿಸುವ ಹಾಗಿಲ್ಲ. ಅಂಥ ಒಬ್ಬರು ಚಿಕ್ಕ ವಿಮಾನದ ಕ್ಯಾಪ್ಟನ್ ಸೀಟಿಗೆ ಇಳಿಯುತ್ತಾರೆ. ಆ ಸೀಟಿನಲ್ಲಿದ್ದವರು ಎಡಗಡೆಯಿಂದ ಬಲಗಡೆಗೆ, ಫಸ್ಟ್ ಆಫೀಸರ್ ಅಂದರೆ ಸಹ-ಪೈಲಟ್ ಸೀಟಿಗೆ ಸರಿಯುತ್ತಾರೆ. ಅಲ್ಲಿ ಜಾಗ ತುಂಬಿದ್ದರಿಂದ ಕಟ್ಟಕಡೆಯ ಫಸ್ಟ್ ಆಫೀಸರ್ ಮನೆಗೆ ಹೋಗುತ್ತಾರೆ. ಹೋದದ್ದು ಒಬ್ಬರು, ಹೊಸ ಸೀಟಿಗೆ ತಯಾರಾಗಬೇಕಾದವರು ಇಬ್ಬರು. ಕಂಪನಿಯಲ್ಲಿ ನಾಲ್ಕೈದು ಬಗೆಯ ವಿಮಾನ ಇದ್ದರೆ ಈ ಸರಪಳಿ ಇನ್ನೂ ಉದ್ದ. ಇದನ್ನು ಡಿಸ್‌ಪ್ಲೇಸ್‌ಮೆಂಟ್ ಅನ್ನುತ್ತಾರೆ. ನಿಮ್ಮ ಹಾಳೆಯಲ್ಲಿ ಕೊನೆಯ ಫಸ್ಟ್ ಆಫೀಸರ್ ಒಬ್ಬರೇ ಕಾಣುತ್ತಿದ್ದಾರೆ. ಟ್ರೈನಿಂಗ್ ಮುಖ್ಯಸ್ಥರಿಗೆ ಸರಪಳಿ ಪೂರ್ತಿ ಕಾಣುತ್ತಿದೆ.

ಕೋರ್ಸ್ ಅಂದರೆ ಏನು ಅನ್ನುವುದೂ ನಿಮಗೆ ಗೊತ್ತಿರಬೇಕು. ಹೊಸ ಬಗೆಯ ವಿಮಾನಕ್ಕೆ ಹೋಗುವವರಿಗೆ ಒಂದೂವರೆಯಿಂದ ಎರಡು ತಿಂಗಳು ಬೇಕು. ಮೊದಲು ಕ್ಲಾಸು ಮತ್ತು ಕಂಪ್ಯೂಟರ್ ಪಾಠ, ಆಮೇಲೆ ಅಲುಗಾಡದ ಟ್ರೈನರ್, ಆಮೇಲೆ ಪೂರ್ತಿ ಚಲಿಸುವ ಸಿಮ್ಯುಲೇಟರ್. ಸಿಮ್‌ನ ಒಂದು ಸೆಷನ್ ನಾಲ್ಕು ಗಂಟೆ. ಇಬ್ಬರು ಪೈಲಟ್, ಹಿಂದೆ ಒಬ್ಬ ಇನ್‌ಸ್ಟ್ರಕ್ಟರ್. ಶುರುವಿಗೆ ಮುಂಚೆ ಒಂದು ಗಂಟೆಗೂ ಜಾಸ್ತಿ ಬ್ರೀಫಿಂಗ್, ಮುಗಿದ ಮೇಲೆ ಮತ್ತೆ ಕೂತು ಚರ್ಚೆ. ಒಳ್ಳೆಯ ದರ್ಜೆಯ ಒಂದು ಸಿಮ್‌ಗೆ ಒಂದು ಕೋಟಿ ಡಾಲರ್‌ಗಿಂತ ಜಾಸ್ತಿ ಬೀಳಬಹುದು. ಅದಕ್ಕೇ ಅದನ್ನು ಹಗಲು ರಾತ್ರಿ ಓಡಿಸುತ್ತಾರೆ. ರಾತ್ರಿ ಎರಡು ಗಂಟೆಯ ಸ್ಲಾಟ್‌ಗೆ ಮೂವತ್ತು ವರ್ಷ ಅನುಭವದ ಕ್ಯಾಪ್ಟನ್ ಬಂದು ಕೂರುವುದನ್ನು ನಾನು ನೋಡಿದ್ದೇನೆ. ಟೇಕಾಫ್ ವೇಗ ಮುಟ್ಟಿದ ಕ್ಷಣಕ್ಕೇ ಇನ್‌ಸ್ಟ್ರಕ್ಟರ್ ಒಂದು ಎಂಜಿನ್ ನಿಲ್ಲಿಸುತ್ತಾರೆ. ಕಾಲು ರಡರ್ ಮೇಲೆ ಸರಿಯಾಗಿಯೇ ಹೋಗುತ್ತದೆ, ಅದು ಮರೆಯುವ ವಿದ್ಯೆ ಅಲ್ಲ. ಆದರೆ ಕೈ ಹಳೆಯ ವಿಮಾನದ ಸ್ವಿಚ್ ಇದ್ದ ಜಾಗಕ್ಕೆ ಹೋಗಿ ಒಂದು ಗಳಿಗೆ ತಡವರಿಸುತ್ತದೆ. ಇಳಿಯುವಾಗಲೂ ಅಷ್ಟೇ. ದೊಡ್ಡ ವಿಮಾನದಲ್ಲಿ ಕಣ್ಣು ರನ್‌ವೇಯಿಂದ ಇನ್ನೂ ಎತ್ತರದಲ್ಲಿ ಇರುವಾಗಲೇ ಚಕ್ರ ನೆಲ ಮುಟ್ಟುತ್ತಿತ್ತು, ಇಲ್ಲಿ ಆ ಎತ್ತರಕ್ಕೆ ಮೂಗು ಎತ್ತಿದರೆ ತುಂಬಾ ಮುಂಚೆ ಆಗುತ್ತದೆ. ಈ ಅಭ್ಯಾಸ ಬಿಡಿಸಿ ಹೊಸದು ಕೂರಿಸಲು ಗಂಟೆಗಳೇ ಬೇಕು. ಸಿಮ್ ಪರೀಕ್ಷೆ ಪಾಸಾದ ಮೇಲೂ ಮುಗಿಯಲಿಲ್ಲ. ಚೆಕ್ ಏರ್‌ಮನ್, ಅಂದರೆ ಬೇರೆ ಪೈಲಟ್‌ಗಳನ್ನು ಪರೀಕ್ಷಿಸುವ ಅಧಿಕಾರವಿರುವ ಪೈಲಟ್, ಪಕ್ಕದಲ್ಲಿ ಕೂತು ನಿಜವಾದ ವಿಮಾನದಲ್ಲಿ ಲೈನ್ ಟ್ರೈನಿಂಗ್ ಆಗಬೇಕು.

ಅದಾದ ಮೇಲೆ ಕೆಲವು ನಿಯಮಗಳಿವೆ. ಹಣಕಾಸಿನವರ ಕಣ್ಣಿಗೆ ಇವು ಬೀಳುವುದೇ ಇಲ್ಲ. ಅಮೆರಿಕದ ನಿಯಮ ತೆಗೆದುಕೊಳ್ಳೋಣ. ಹೊಸ ಬಗೆಯ ವಿಮಾನಕ್ಕೆ ಬಂದವರು ಪರೀಕ್ಷೆ ಆದ 120 ದಿನದೊಳಗೆ 100 ಗಂಟೆ ಹಾರಿಸಬೇಕು. ಒಳ್ಳೆಯ ಕಾಲದಲ್ಲಿ ಇದು ತಾನಾಗಿಯೇ ಆಗಿಬಿಡುತ್ತದೆ. ಹಾರಾಟವೇ ಇಲ್ಲದ ಕಾಲದಲ್ಲಿ 100 ಗಂಟೆ ಎಲ್ಲಿಂದ ತರುವುದು? ಆಗದಿದ್ದರೆ ಮತ್ತೆ ಸಿಮ್, ಮತ್ತೆ ಚೆಕ್. ಎರಡನೆಯದಾಗಿ, ಆ ವಿಮಾನದಲ್ಲಿ 100 ಗಂಟೆ ಆಗದ ಕ್ಯಾಪ್ಟನ್, ಎಷ್ಟೇ ಹಿರಿಯರಾಗಿರಲಿ, ಮಂಜು ಕವಿದ ದಿನ ಬೇರೆಯವರು ಇಳಿಯಬಹುದಾದ ಮಟ್ಟಕ್ಕೆ ಇಳಿಯುವಂತಿಲ್ಲ. ಅವರಿಗೆ ಮೋಡದ ಎತ್ತರ, ಕಾಣುವ ದೂರ ಎರಡೂ ಜಾಸ್ತಿ ಬೇಕು. ಅಂದರೆ ಕೆಲವು ವಿಮಾನ ಬೇರೆ ಊರಿಗೆ ತಿರುಗುತ್ತವೆ. ಮೂರನೆಯದಾಗಿ, ಆ ಬಗೆಯ ವಿಮಾನದಲ್ಲಿ 75 ಗಂಟೆಯೂ ಆಗದ ಇಬ್ಬರನ್ನು ಒಟ್ಟಿಗೆ ಕೂರಿಸುವಂತಿಲ್ಲ. ಒಂದೇ ಸಲಕ್ಕೆ ನೂರಾರು ಜನ ವಿಮಾನ ಬದಲಿಸಿದರೆ ಡ್ಯೂಟಿ ಪಟ್ಟಿ ಮಾಡುವವರ ಕಷ್ಟ ಊಹಿಸಿಕೊಳ್ಳಿ. ಬೇರೆ ದೇಶಗಳಲ್ಲಿ ಅಂಕಿ ಬೇರೆ ಇರಬಹುದು, ಉದ್ದೇಶ ಇದೇ.

ಇನ್ನು ಹಣದ ಮಾತು. ಒಬ್ಬ ಕಿರಿಯ ಫಸ್ಟ್ ಆಫೀಸರ್‌ಗೆ ಕಂಪನಿ ಎಲ್ಲ ಸೇರಿ ತಿಂಗಳಿಗೆ ಕೊಡುವುದನ್ನು 1 ಅಂತ ಇಟ್ಟುಕೊಳ್ಳೋಣ. ದೊಡ್ಡ ವಿಮಾನದ ಕ್ಯಾಪ್ಟನ್ 4, ಚಿಕ್ಕ ವಿಮಾನದ ಕ್ಯಾಪ್ಟನ್ 3, ಹಿರಿಯ ಫಸ್ಟ್ ಆಫೀಸರ್ 2. ಇವು ನಾನು ಸುಮ್ನೆ ಉದಾಹರಣೆಗೆ ಇಟ್ಟ ಅಂಕಿಗಳು, ನಿಮ್ಮ ಕಂಪನಿಯದನ್ನು ನೀವು ಹಾಕಿಕೊಳ್ಳಿ. ಪೂರ್ತಿ ಕೋರ್ಸಿಗೆ ಸಿಮ್, ಇನ್‌ಸ್ಟ್ರಕ್ಟರ್, ಹೋಟೆಲ್ ಸೇರಿ 3. ಅದೇ ವಿಮಾನದಲ್ಲಿ ಸೀಟು ಬದಲಿಸಲು 1.5. ಮನೆಯಿಂದ ವಾಪಸ್ ಬಂದವರನ್ನು ಮತ್ತೆ ತಯಾರು ಮಾಡಲು 2. ಕಳಿಸುವಾಗ ಕೊಡುವ ಪರಿಹಾರ 2.

ಸರಪಳಿ ಇಲ್ಲದ ಸಂದರ್ಭ ಮೊದಲು ನೋಡೋಣ. ಚಿಕ್ಕ ವಿಮಾನಗಳ ಹಾರಾಟ ಕಡಿಮೆಯಾಯಿತು, ಅದರದೇ ಕೊನೆಯ ಫಸ್ಟ್ ಆಫೀಸರ್ ಹೋದರು. ಪರಿಹಾರ 2, ವಾಪಸ್ ತರಬೇತಿ 2, ಆ ತರಬೇತಿ ತಿಂಗಳ ಸಂಬಳ 1. ಒಟ್ಟು 5. ಐದು ತಿಂಗಳು ಮನೆಯಲ್ಲಿದ್ದರೆ ಹಾಕಿದ ಖರ್ಚು ವಾಪಸ್ ಬರುತ್ತದೆ, ಆಮೇಲಿನದು ಉಳಿತಾಯ.

ಈಗ ಮೇಲೆ ಹೇಳಿದ ಸರಪಳಿ. ಪರಿಹಾರ 2. ಕೆಳಗೆ ಇಳಿಯುವಾಗ ಕ್ಯಾಪ್ಟನ್ ಕೋರ್ಸ್ 3, ಸೀಟು ಬದಲು 1.5. ವಿಮಾನಗಳು ಮತ್ತೆ ಹಾರತೊಡಗಿದಾಗ ಮೇಲೆ ಹತ್ತಲು ಅದೇ 4.5. ವಾಪಸ್ ಬಂದ ಫಸ್ಟ್ ಆಫೀಸರ್‌ಗೆ 2. ಇಲ್ಲಿಗೆ 13 ಆಯಿತು. ಇದರ ಜೊತೆಗೆ, ಮೇಲೆ ಹತ್ತುವಾಗ ಇವರೆಲ್ಲ ಸಂಬಳ ತೆಗೆದುಕೊಂಡು ಹಾರಿಸದೆ ಇರುವ ದಿನಗಳು: ಕ್ಯಾಪ್ಟನ್ ಎರಡು ತಿಂಗಳು 8, ಸೀಟು ಬದಲಿಸುವವರು ಒಂದು ತಿಂಗಳು 3, ವಾಪಸ್ ಬಂದವರು ಒಂದು ತಿಂಗಳು 1. ಒಟ್ಟು 25. ಒಬ್ಬರನ್ನು ಮನೆಗೆ ಕಳಿಸಿದ್ದಕ್ಕೆ.

ಇದಕ್ಕೆ ಎದುರಾಗಿ ತಿಂಗಳಿಗೆ ಉಳಿಯುವುದೆಷ್ಟು? ಪೈಲಟ್‌ಗಳ ಜೊತೆ ಕಂಪನಿ ಮಾಡಿಕೊಂಡ ಕರಾರಿನ ಒಂದು ಸಾಲಿನ ಮೇಲೆ ಅದು ನಿಂತಿದೆ. ಕೆಳಗಿನ ಸೀಟಿಗೆ ಇಳಿದವರಿಗೆ ಆ ಸೀಟಿನ ಸಂಬಳವೇ ಅಂತ ಇದ್ದರೆ 4 ಇದ್ದದ್ದು 3, 3 ಇದ್ದದ್ದು 2, 1 ಇದ್ದದ್ದು ಸೊನ್ನೆ ಆಗುತ್ತದೆ. ತಿಂಗಳಿಗೆ 3 ಉಳಿತಾಯ, ಎಂಟು ತಿಂಗಳ ಮೇಲೆ ಹಾಕಿದ ಖರ್ಚು ವಾಪಸ್ ಬರುತ್ತದೆ. ಹಳೆಯ ಸಂಬಳ ಮುಂದುವರಿಯಬೇಕು ಅಂತ ಇದ್ದರೆ ಉಳಿಯುವುದು 1 ಮಾತ್ರ. ಆಗ 25 ತಿಂಗಳು ಬೇಕು. ಎರಡು ವರ್ಷಕ್ಕೂ ಜಾಸ್ತಿ!

ಇಳಿಯುವಾಗ ತರಬೇತಿಯಲ್ಲಿ ಕಳೆದ ದಿನಗಳ ಸಂಬಳವನ್ನು ನಾನು ಸೇರಿಸಲಿಲ್ಲ, ಗಮನಿಸಿದಿರಾ? ಆಗ ಹಾರಾಟವೇ ಇಲ್ಲ, ಅವರು ಹೇಗೂ ಖಾಲಿ ಇದ್ದರು. ಮೇಲೆ ಹತ್ತುವಾಗ ಹಾಗಲ್ಲ. ಟಿಕೆಟ್ ಮಾರಾಟ ಆಗುತ್ತಿದೆ, ವಿಮಾನ ಸಿದ್ಧವಿದೆ, ಪೈಲಟ್ ಸಿಮ್‌ನಲ್ಲಿದ್ದಾರೆ. ಅವರಿಗೆ ಕಲಿಸುವ ಇನ್‌ಸ್ಟ್ರಕ್ಟರ್ ಮತ್ತು ಚೆಕ್ ಏರ್‌ಮನ್ ಕೂಡ ಎಷ್ಟೋ ಕಡೆ ಕಂಪನಿಯ ಲೈನ್ ಪೈಲಟ್‌ಗಳೇ, ಅಂದರೆ ದಿನನಿತ್ಯ ವಿಮಾನ ಹಾರಿಸುವವರೇ. ಅವರೂ ಹಾರಾಟದಿಂದ ಹೊರಗೆ. ಸಿಮ್ ಸ್ಲಾಟ್ ದಿನಕ್ಕೆ ನಾಲ್ಕೋ ಐದೋ, ದುಡ್ಡು ಇದ್ದರೂ ಆರನೆಯದು ಹುಟ್ಟುವುದಿಲ್ಲ. ಎಲ್ಲ ಕಂಪನಿಗಳಿಗೂ ಅದೇ ತಿಂಗಳು ಬೇಕಾಗಿರುವುದರಿಂದ ಹೊರಗಿನ ಟ್ರೈನಿಂಗ್ ಸೆಂಟರ್‌ಗಳಲ್ಲೂ ಜಾಗ ಸಿಗುವುದಿಲ್ಲ. ರದ್ದಾದ ವಿಮಾನಗಳ ನಷ್ಟ ನಿಮ್ಮ ಹಾಳೆಯ ಬೇರೆಲ್ಲ ಸಾಲುಗಳನ್ನೂ ಮೀರಿಸಬಹುದು. ನನ್ನ 25ರಲ್ಲಿ ಅದು ಸೇರಿಯೇ ಇಲ್ಲ.

ಹಾಗಾದರೆ ಮುಖ್ಯ ಪ್ರಶ್ನೆ, ಹಿಂಜರಿತ ಎಷ್ಟು ದಿನ? ಇದನ್ನು ಯಾರೂ ಸರಿಯಾಗಿ ಹೇಳಿದ ಉದಾಹರಣೆ ಕಡಿಮೆ. 2001ರ ಸೆಪ್ಟೆಂಬರ್ ದಾಳಿಯ ನಂತರ ಅಮೆರಿಕದಲ್ಲಿ ಸಾವಿರಾರು ಪೈಲಟ್‌ಗಳು ಮನೆಗೆ ಹೋದರು. ಕೆಲವೇ ತಿಂಗಳ ಮಾತು ಅಂದುಕೊಂಡಿದ್ದರು. ಕಂಪನಿಗಳು ದಿವಾಳಿ ಕೋರ್ಟಿಗೆ ಹೋದವು, 2007ರ ಕೊನೆಗೆ ನಿವೃತ್ತಿ ವಯಸ್ಸು 60ರಿಂದ 65ಕ್ಕೆ ಏರಿತು, 2008ರಲ್ಲಿ ತೈಲ ಬೆಲೆ ಬ್ಯಾರೆಲ್‌ಗೆ 140 ಡಾಲರ್ ದಾಟಿತು. ಕೆಲವರಿಗೆ ವಾಪಸ್ ಕರೆ ಬರಲು ಹತ್ತು ವರ್ಷ ಹಿಡಿಯಿತು.

2020ರಲ್ಲಿ, ಕೋವಿಡ್ ಬಂದಾಗ, ಇದರ ತದ್ವಿರುದ್ಧ. ಏಪ್ರಿಲ್ ಮಧ್ಯದ ಒಂದು ದಿನ ಅಮೆರಿಕದ ಎಲ್ಲ ವಿಮಾನ ನಿಲ್ದಾಣಗಳ ತಪಾಸಣೆ ದಾಟಿದವರು 90,000ಕ್ಕೂ ಕಡಿಮೆ. ಮೊದಲು ಅದು 20 ಲಕ್ಷದ ಆಸುಪಾಸು ಇರುತ್ತಿತ್ತು. ವಿಮಾನಯಾನ ಮೊದಲಿನ ಮಟ್ಟಕ್ಕೆ ಬರಲು 2024 ಆಗಬಹುದು ಅಂತ ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ ಐಎಟಿಎ ಹೇಳಿತು. ಸರ್ಕಾರದ ಸಂಬಳ ನೆರವು ಸೆಪ್ಟೆಂಬರ್ 30ಕ್ಕೆ ಮುಗಿದಾಗ, ಮರುದಿನವೇ ಅಮೆರಿಕನ್ ಏರ್‌ಲೈನ್ಸ್ ಸುಮಾರು 1,600 ಪೈಲಟ್‌ಗಳನ್ನು ಫರ್ಲೋ ಮಾಡಿತು. ಡಿಸೆಂಬರ್ ಕೊನೆಯಲ್ಲಿ ನೆರವು ಮತ್ತೆ ಮಂಜೂರಾಯಿತು, ವಾಪಸ್ ಕರೆಯಬೇಕು ಅನ್ನುವ ಷರತ್ತಿನ ಮೇಲೆ. ಮೂರು ತಿಂಗಳೂ ಆಗಿರಲಿಲ್ಲ. 2021ರ ಜೂನ್‌ನಲ್ಲಿ ದಿನಕ್ಕೆ 20 ಲಕ್ಷ ಜನ ಮತ್ತೆ ನಿಲ್ದಾಣ ದಾಟುತ್ತಿದ್ದರು. ಹತ್ತು ವರ್ಷ ಒಂದು ಕಡೆ, ಮೂರು ತಿಂಗಳು ಇನ್ನೊಂದು ಕಡೆ. ಇವೆರಡರ ನಡುವೆ ಎಲ್ಲಾದರೂ ಬೀಳಬಹುದಾದ ಅಂಕಿಯ ಮೇಲೆ 25 ತಿಂಗಳ ಪಂದ್ಯ ಕಟ್ಟಬೇಕೇ ಅಂತ ನಿಮ್ಮ ಮೇಲಿನವರು ಯೋಚಿಸಬೇಕು.

ಬೇರೆ ದಾರಿ ಇಲ್ಲವೇ? ಇವೆ, ಮತ್ತು ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಅವನ್ನೇ. ಒಂದು ಸಣ್ಣ ಲೆಕ್ಕ ಮಾಡಿ. 1,000 ಪೈಲಟ್‌ಗಳಿದ್ದಾರೆ, ಸರಾಸರಿ ಖರ್ಚು ತಲೆಗೆ 2.2, ಒಟ್ಟು 2,200. ಕೊನೆಯ 100 ಜನರನ್ನು ಕಳಿಸಿದರೆ ಉಳಿಯುವುದು 100, ಅಂದರೆ ಶೇ 4.5. ಜನ ಹೋದದ್ದು ಮಾತ್ರ ಶೇ 10! ಅದರ ಬದಲು ಎಲ್ಲರ ಖಾತರಿ ಗಂಟೆಗಳನ್ನು, ಅಂದರೆ ಹಾರಿಸಿದರೂ ಬಿಟ್ಟರೂ ಸಂಬಳ ಸಿಗುವ ಕನಿಷ್ಠ ಗಂಟೆಗಳನ್ನು, ಶೇ 10 ಕಡಿಮೆ ಮಾಡಿದರೆ ಉಳಿಯುವುದು 220ರ ಹತ್ತಿರ. ವಿಮೆಯಂಥ ಖರ್ಚು ತಲೆಗಿಷ್ಟು ಅಂತ ಇರುವುದರಿಂದ ಸ್ವಲ್ಪ ಕಡಿಮೆ ಆಗುತ್ತದೆ, ಆದರೂ ದುಪ್ಪಟ್ಟಿನ ಆಸುಪಾಸು. ತರಬೇತಿ ಖರ್ಚಿಲ್ಲ, ಹಾರಾಟ ಬಂದ ದಿನ ಎಲ್ಲರೂ ಸಿದ್ಧ. 2020ರಲ್ಲಿ ಯುನೈಟೆಡ್ ಏರ್‌ಲೈನ್ಸ್ ಮತ್ತು ಅದರ ಪೈಲಟ್ ಸಂಘ ಇದೇ ದಾರಿ ಹಿಡಿದು ಸಾವಿರಾರು ಪೈಲಟ್‌ಗಳ ಫರ್ಲೋ ತಪ್ಪಿಸಿದವು. ಹಿರಿಯರು ತಮ್ಮ ಗಂಟೆ ಬಿಟ್ಟುಕೊಟ್ಟು ಕಿರಿಯರನ್ನು ಉಳಿಸಿಕೊಂಡರು. ಬ್ರಿಟಿಷ್ ಏರ್‌ವೇಸ್‌ನಲ್ಲಿ ಎಲ್ಲರ ಸಂಬಳ ಶುರುವಿಗೆ ಶೇ 20 ಇಳಿಸಿ, ಸುಮಾರು 300 ಜನರನ್ನು ಕಡಿಮೆ ಸಂಬಳದ ಮೇಲೆ ಕಾಯುವ ಗುಂಪಿನಲ್ಲಿ ಇಟ್ಟುಕೊಂಡರು. ಅಲ್ಲೂ ಕೆಲವರು ಕೆಲಸ ಕಳೆದುಕೊಂಡರು, ಆದರೆ ಮೊದಲು ಹೇಳಿದ್ದಕ್ಕಿಂತ ಬಹಳ ಕಡಿಮೆ. ಬ್ರಿಟನ್ನಿನಲ್ಲಿ ಆಗ ಸರ್ಕಾರವೇ ತಿಂಗಳಿಗೆ 2,500 ಪೌಂಡ್ ಮಿತಿಯಲ್ಲಿ ಸಂಬಳದ ಶೇ 80 ಕೊಡುವ ಫರ್ಲೋ ಯೋಜನೆ ಇತ್ತು. ಆ ಅಂಕಿಗಳನ್ನು ನಿಮ್ಮ ಹಾಳೆಗೆ ಎತ್ತಿಕೊಳ್ಳಬೇಡಿ, ಲೆಕ್ಕದ ಬುನಾದಿಯೇ ಬೇರೆ.

ಸ್ವಇಚ್ಛೆಯ ನಿವೃತ್ತಿ ಇನ್ನೊಂದು ದಾರಿ. 4 ತೆಗೆದುಕೊಳ್ಳುವವರು ಹೋಗುವುದರಿಂದ ಹಾಳೆಯಲ್ಲಿ ಚೆನ್ನಾಗಿ ಕಾಣುತ್ತದೆ. ಡೆಲ್ಟಾದಲ್ಲಿ 2020ರಲ್ಲಿ ಸುಮಾರು 1,800 ಪೈಲಟ್‌ಗಳು ಹೀಗೆ ಹೋದರು. ಫರ್ಲೋ ತಪ್ಪಿಸಲು ಇದು ದೊಡ್ಡ ಸಹಾಯ ಮಾಡಿತು ಅನ್ನುವುದನ್ನು ಮರೆಯಬಾರದು. ಆದರೆ ಅದೇ ವರ್ಷ ಕಂಪನಿ ಬೋಯಿಂಗ್ 777 ವಿಮಾನಗಳನ್ನೂ ಪೂರ್ತಿ ಕೈಬಿಟ್ಟಿತು. ಎರಡೂ ಕಡೆಯಿಂದ ಸರಪಳಿ ಎಳೆದ ಹಾಗಾಯಿತು. ಮೇಲಿನವರು ಹೋದರೆ ಕೆಳಗಿನವರೆಲ್ಲ ಒಂದೊಂದು ಮೆಟ್ಟಿಲು ಹತ್ತಬೇಕು, ಪ್ರತಿ ಮೆಟ್ಟಿಲಿಗೂ ಕೋರ್ಸ್. ಹೋದವರು ವಾಪಸ್ ಬರುವುದಿಲ್ಲ ಅನ್ನುವುದೂ ಇದೆ. ಒಂದೇ ಬಗೆಯ ವಿಮಾನ ಇರುವವರಿಗೆ ಈ ತಲೆನೋವು ಕಡಿಮೆ. ಸೌತ್‌ವೆಸ್ಟ್ ಹಾರಿಸುವುದು ಬೋಯಿಂಗ್ 737 ಮಾತ್ರ. ದೀರ್ಘ ರಜೆ, ಸ್ವಇಚ್ಛೆಯ ನಿವೃತ್ತಿ, ಸರ್ಕಾರದ ಸಂಬಳ ನೆರವು ಇವುಗಳಿಂದ ಅವರು 2020ನ್ನು ಫರ್ಲೋ ಇಲ್ಲದೆ ದಾಟಿದರು.

ನಿಮ್ಮ ಕೊನೆಯ ಮಾತಿಗೆ ಬರುತ್ತೇನೆ, 'ಒಂದಿಷ್ಟು ತರಬೇತಿ'. ಪ್ರಯಾಣಿಕರನ್ನು ಹೊತ್ತು ಹಾರಿಸುವವರು ಹಿಂದಿನ 90 ದಿನದಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಮಾಡಿರಬೇಕು. ಅಷ್ಟೇ ಬಾಕಿ ಇದ್ದರೆ ಸಿಮ್‌ನಲ್ಲಿ ಒಂದು ಸೆಷನ್ ಸಾಕು. ಆರು ತಿಂಗಳು ದಾಟಿದರೆ ನಿಗದಿತ ತರಬೇತಿ ಮತ್ತು ಚೆಕ್ ತಪ್ಪಿರಬಹುದು. ಒಂದು ವರ್ಷ ದಾಟಿದರೆ ಹಲವು ಸೆಷನ್. ಹಲವು ವರ್ಷ ಆಗಿದ್ದರೆ ಹೆಚ್ಚುಕಡಿಮೆ ಪೂರ್ತಿ ಕೋರ್ಸ್. ಈ ಖರ್ಚು ಸಾಮಾನ್ಯವಾಗಿ ಕಂಪನಿಯದೇ. ನಿಯಮ ಕೇಳುವ ಕನಿಷ್ಠಕ್ಕೆ ನಿಲ್ಲಿಸಬೇಡಿ ಅಂತ ನಾನು ಒತ್ತಿ ಹೇಳುತ್ತೇನೆ. 2020ರ ಸೆಪ್ಟೆಂಬರ್‌ನಲ್ಲಿ ಇಂಡೋನೇಷ್ಯಾದ ಮೇಡಾನ್‌ನಲ್ಲಿ ಒಂದು ಏರ್‌ಬಸ್ 330 ಇಳಿದ ಮೇಲೆ ರನ್‌ವೇ ಬಿಟ್ಟು ಪಕ್ಕಕ್ಕೆ ಸರಿಯಿತು. ಪೈಲಟ್‌ಗಳು ಅದಕ್ಕೂ ಹಿಂದಿನ ತಿಂಗಳುಗಳಲ್ಲಿ ಬಹಳ ಕಡಿಮೆ ಹಾರಿದ್ದರು ಅನ್ನುವುದನ್ನು ತನಿಖೆ ದಾಖಲಿಸಿತು. ಅದೇ ಹೊತ್ತಿಗೆ ಅಮೆರಿಕದಲ್ಲೂ ಪೈಲಟ್‌ಗಳು ತಾವಾಗಿಯೇ ವರದಿ ಬರೆದರು: ಬಹಳ ದಿನದ ಮೇಲೆ ಬಂದೆ, ಲ್ಯಾಂಡಿಂಗ್ ಸಮಯಕ್ಕೆ ವೇಗ ಇಳಿಸುವುದು ತಡವಾಯಿತು, ಒಂದು ಹೆಜ್ಜೆ ಮರೆತೆ, ಹೀಗೆ. ಹೀಗೆ ಬಾಯಿಬಿಟ್ಟು ಹೇಳಿದವರಿಗೆ ನಾವು ಋಣಿಯಾಗಿರಬೇಕು. ಒಳ್ಳೆಯ ಕಂಪನಿಗಳು ವಾಪಸ್ ಬಂದವರಿಗೆ ಒಂದೆರಡು ಸೆಷನ್ ಜಾಸ್ತಿ ಕೊಡುತ್ತವೆ, ಮೊದಲ ಕೆಲವು ಹಾರಾಟಕ್ಕೆ ಪಕ್ಕದಲ್ಲಿ ಬಿಡದೆ ಹಾರಿಸುತ್ತಿರುವವರನ್ನೇ ಕೂರಿಸುತ್ತವೆ. ಇದಕ್ಕೂ ನಿಮ್ಮ ಹಾಳೆಯಲ್ಲಿ ದುಡ್ಡು ಇಡಿ.

ಎಲ್ಲರೂ ವಾಪಸ್ ಬರುತ್ತಾರೆ ಅಂತಲೂ ಅಂದುಕೊಳ್ಳಬೇಡಿ. ಕರೆ ಹೋದಾಗ ಕೆಲವರು ಸರಕು ವಿಮಾನದ ಕಂಪನಿಗಳಲ್ಲಿ ಸೀನಿಯಾರಿಟಿ ಕಟ್ಟಿಕೊಂಡಿರುತ್ತಾರೆ, ಕೆಲವರು ವೃತ್ತಿಯನ್ನೇ ಬಿಟ್ಟಿರುತ್ತಾರೆ. ಆ ಜಾಗಕ್ಕೆ ಹೊಸಬರು ಬೇಕು, ಅವರಿಗೆ ಮೊದಲಿನಿಂದ ಎಲ್ಲ ಕಲಿಸಬೇಕು. ಅಷ್ಟರಲ್ಲಿ ಪೇಟೆ ಏರಿದ್ದರೆ ಸಂಬಳವೂ ಏರಿರುತ್ತದೆ. ಡೆಲ್ಟಾ ಪೈಲಟ್‌ಗಳ 2023ರ ಕರಾರಿನಲ್ಲಿ ನಾಲ್ಕು ವರ್ಷಕ್ಕೆ ಒಟ್ಟು ಶೇ 34 ಏರಿಕೆ ಇತ್ತು.

ಹಾಗಾಗಿ ಮುಂದಿನ ಸಲ ಹಾಳೆ ಮಾಡುವಾಗ ಒಂದೇ ಮೊತ್ತ ಬರೆಯಬೇಡಿ. ಮೂರು ತಿಂಗಳು, ಒಂದು ವರ್ಷ, ಮೂರು ವರ್ಷ ಅಂತ ಮೂರು ಕಾಲಂ ಹಾಕಿ. ಟ್ರೈನಿಂಗ್ ವಿಭಾಗದಿಂದ ಎರಡು ವಿಷಯ ಕೇಳಿ ತರಿಸಿಕೊಳ್ಳಿ: ಈ 100 ಜನ ಹೋದರೆ ಒಟ್ಟು ಎಷ್ಟು ಕೋರ್ಸ್ ಹುಟ್ಟುತ್ತವೆ, ವಾಪಸ್ ಹತ್ತುವಾಗ ತಿಂಗಳಿಗೆ ಎಷ್ಟು ಕೋರ್ಸ್ ಮುಗಿಸಲು ಸಾಧ್ಯ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಬಂದ ತಿಂಗಳುಗಳಷ್ಟು ಕಾಲ, ಪ್ರಯಾಣಿಕರು ಬಂದರೂ ನಿಮ್ಮ ಕೆಲವು ವಿಮಾನ ನೆಲದ ಮೇಲೇ ಇರುತ್ತವೆ. ಕರಾರಿನಲ್ಲಿ ಇಳಿದವರ ಸಂಬಳದ ಬಗ್ಗೆ ಏನಿದೆ ಅಂತ ಕಾನೂನು ವಿಭಾಗದವರನ್ನು ಕೇಳಿ. ವಿಮಾನ ಕೈಬಿಡುವ ನಿರ್ಧಾರ ಈಗಾಗಲೇ ಆಗಿದ್ದರೆ, ಅದರಿಂದ ಹೇಗೂ ಬರುವ ಕೋರ್ಸ್‌ಗಳನ್ನು ಫರ್ಲೋ ಖರ್ಚಿಗೆ ಸೇರಿಸಬೇಡಿ, ಇಲ್ಲದಿದ್ದರೆ ಲೆಕ್ಕ ಇನ್ನೊಂದು ದಿಕ್ಕಿಗೆ ವಾಲುತ್ತದೆ. ಗಂಟೆ ಹಂಚಿಕೊಳ್ಳುವ ಲೆಕ್ಕವನ್ನು ಅದೇ ಹಾಳೆಯಲ್ಲಿ ಪಕ್ಕದಲ್ಲೇ ಇಡಿ. ಪೈಲಟ್ ಸಂಘದವರ ಜೊತೆ ಮಾತುಕತೆಗೆ ಕೂರುವ ಮುಂಚೆ ನಿಮ್ಮ ಮೇಲಿನವರ ಕೈಯಲ್ಲಿ ಆ ಹಾಳೆ ಇರಲಿ.